ಬಲಗಿವಿ ಉಳಿಸಿದ ಎಲ್ಲರಿಗೂ

ಮೊನ್ನೆಯ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆಯ ವರದಿ, ಚೆನ್ನಾಗಿ ಬಂದಿದೆ. ಆಪರೇಷನ್ ಆದ ಬಲಗಿವಿ ಮತ್ತೆ ಕೇಳುತ್ತಿದೆ. ಫೋನ್ ಮಾಡಿ ವಿಚಾರಿಸಿದ ಎಲ್ಲರಿಗೂ ಮೊದಲು ಈ ಸುದ್ದಿ.

ಚಿಕ್ಕಂದಿನಿಂದ ಸೋರುತ್ತಿದ್ದ ಕಿವಿ ಅದು. ಒಳಗೆ ಕೊಲೆಸ್ಟಿಯಟೋಮಾ ಬೆಳೆದಿತ್ತು. ಅಂದರೆ ಇರಬಾರದ ಜಾಗದಲ್ಲಿ ಚರ್ಮ ಬೆಳೆದು ಸುತ್ತಲಿನ ಮೂಳೆ ಸವೆಸುವ ಕಾಯಿಲೆ. ಕಿವಿತಮಟೆಯ ಹಿಂದಿನ ಮೂರು ಪುಟ್ಟ ಮೂಳೆಗಳಲ್ಲಿ ನಡುವಿನದು ಹೋಗಿಯೇ ಬಿಟ್ಟಿತ್ತು.

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿದ ಹುಡುಗಿಗೆ ದೊಡ್ಡ ನಮಸ್ಕಾರ. ಟ್ಯೂನಿಂಗ್ ಫೋರ್ಕ್ ಮೀಟಿ ಕಿವಿಯ ಮುಂದೆ ಹಿಡಿದರು, ಏನೂ ಕೇಳಲಿಲ್ಲ. ಕಿವಿ ಹಿಂದಿನ ಮೂಳೆಗೆ ಒತ್ತಿದರು, ಝುಂಯ್ ಅಂತು! "ನಿಮ್ಮ ನರ ಚೆನ್ನಾಗಿದೆ ಮೇಡಂ, ಶಬ್ದ ಹೋಗುವ ದಾರಿ ಮಾತ್ರ ಕಡಿದಿದೆ" ಅಂದರು. ಆ ಮಾತೇ ನನಗೆ ಜೀವ ಕೊಟ್ಟಿತು.

ಸರ್ಜನ್ ಸರ್, ನೀವು ಅವಸರ ಮಾಡಲಿಲ್ಲ. ಮೊದಲ ಸಲ ಕಾಯಿಲೆ ತೆಗೆದು ಶುಚಿ ಮಾಡಿದಿರಿ. ಅದು ಮತ್ತೆ ಬಂದಿಲ್ಲ ಅಂತ ಖಾತ್ರಿಯಾದ ಮೇಲೆಯೇ ಹೋದ ಮೂಳೆಯ ಬದಲಿಗೆ ಟೈಟಾನಿಯಂ ಲೋಹದ ತುಂಡು ಕೂರಿಸಿದಿರಿ. ಅಕ್ಕಿಕಾಳಿಗಿಂತ ಚಿಕ್ಕದು, ತೂಕ ಕೆಲವೇ ಮಿಲಿಗ್ರಾಂ. ತಮಟೆ ತೂರಿ ಹೊರಬರದ ಹಾಗೆ ಅದರ ತಲೆ ಮೇಲೆ ನನ್ನದೇ ಕಿವಿಯ ಮೆದುಮೂಳೆಯ ತೆಳು ಪದರ ಇಟ್ಟಿದ್ದೀರಿ. 1956ರಲ್ಲಿ ಅಮೆರಿಕದ ಜಾನ್ ಶೇ ಎಂಬ ಡಾಕ್ಟರು ಕಿವಿಯ ಮೂರನೇ ಮೂಳೆಯ ಜಾಗದಲ್ಲಿ ಟೆಫ್ಲಾನ್ ಎಂಬ ಪ್ಲಾಸ್ಟಿಕ್ಕಿನ ಮೂಳೆ ಇಟ್ಟು ತೋರಿಸಿದ್ದರಂತೆ. ಅವರಿಗೂ ನನ್ನ ಕೈಮುಗಿತ.

ಅತ್ತಿಗೆ ನನ್ನ ಸ್ನಾನಕ್ಕೆ ಮುಂಚೆ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಡುವುದನ್ನು ಒಂದು ದಿನವೂ ಮರೆಯಲಿಲ್ಲ. ಸೀನು ಬಂದರೆ ಕಿವಿಗೆ ಒತ್ತಡ ಬೀಳದಿರಲಿ ಅಂತ "ಬಾಯಿ ತೆಗಿ, ಬಾಯಿ ತೆಗಿ" ಅಂತ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಅವರ ಋಣ ಹೇಗೆ ತೀರಿಸಲಿ?

ಒಂದು ಕೋರಿಕೆ. ಸೋರುವ ಕಿವಿಗೆ ದಯವಿಟ್ಟು ಎಣ್ಣೆ ಬಿಡಬೇಡಿ. ಕಿವಿ ಡಾಕ್ಟರಿಗೆ ತೋರಿಸಿ.

ಎಲ್ಲ ಮೊದಲಿನ ಹಾಗೇ ಆಗಿಲ್ಲ. ಪಿಸುಮಾತು ಇನ್ನೂ ಜಾರಿ ಹೋಗುತ್ತದೆ. ಆದರೂ ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳೇ, ಇಷ್ಟು ದಿನ ನನಗೋಸ್ಕರ ಎದ್ದು ಎಡಗಡೆ ಬಂದು ಪ್ರಶ್ನೆ ಕೇಳಿದಿರಲ್ವಾ? ಸೋಮವಾರದಿಂದ ಕೂತಲ್ಲಿಂದಲೇ ಕೇಳಿ.