ಸಮೀಕ್ಷೆ ಹಾಕುವಾಗ ತಾರೀಕೂ ಬರೆಯಿರಿ

ಗೆಳೆಯರೇ, ಗುಂಪಿನಲ್ಲಿ ಚುನಾವಣಾ ಸಮೀಕ್ಷೆಗಳು ಜಾಸ್ತಿ ಬರುತ್ತಿವೆ. ಸಂತೋಷ. ಆದರೆ ಹಳೆಯ ಅಂಕಿಗಳನ್ನು ಹಿಡಿದುಕೊಂಡು "ಗೆದ್ದಾಯ್ತು" ಅನ್ನಬೇಡಿ.

2017ರ ಬ್ರಿಟನ್ ನೆನಪಿದೆ ಅಲ್ವಾ? ಏಪ್ರಿಲ್‌ನಲ್ಲಿ ಆಗಿನ ಪ್ರಧಾನಿ ತೆರೇಸಾ ಮೇ ಅವಧಿಗೆ ಮುಂಚೆಯೇ ಚುನಾವಣೆ ಘೋಷಿಸಿದಾಗ, ಸಮೀಕ್ಷೆಗಳಲ್ಲಿ ಅವರ ಪಕ್ಷ ಸುಮಾರು 20 ಶೇಕಡಾ ಅಂಶ ಮುಂದಿತ್ತು. ಮೇ 18ಕ್ಕೆ ಅವರ ಪಕ್ಷದ ಪ್ರಣಾಳಿಕೆ ಬಂತು. ಮನೆಯಲ್ಲೇ ಆರೈಕೆ ಪಡೆಯುವ ವೃದ್ಧರ ಖರ್ಚಿಗೆ ಅವರ ಮನೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದಿತ್ತು. ವಿರೋಧಿಗಳು ಅದನ್ನು "ಮರೆವಿನ ಕಾಯಿಲೆಗೆ ತೆರಿಗೆ" ಎಂದು ಕರೆದರು. ನಾಲ್ಕೇ ದಿನದಲ್ಲಿ ತೆರೇಸಾ ಮೇ, ವೃದ್ಧರು ಕೊಡಬೇಕಾದ ಖರ್ಚಿಗೆ ಮಿತಿ ಹಾಕುತ್ತೇವೆ ಎಂದರು. ಜೊತೆಗೆ, ಏನೂ ಬದಲಾಗಿಲ್ಲ ಎಂದೂ ಹೇಳಿದರು! ನನ್ನ ಪ್ರಕಾರ ಯೋಜನೆಗಿಂತ ಈ ಮಾತೇ ಹೆಚ್ಚು ಹೊಡೆತ ಕೊಟ್ಟಿತು. ಸ್ಥಿರ ನಾಯಕತ್ವ ಅನ್ನೋದೇ ಅವರ ಪ್ರಚಾರದ ಬಂಡವಾಳವಾಗಿತ್ತು.

ಕೊನೆಯ ಸಮೀಕ್ಷೆಗಳಲ್ಲಿ ಒಂದು 1 ಅಂಶದ ಮುನ್ನಡೆ ತೋರಿಸಿದರೆ, ಇನ್ನೊಂದು 13 ಎಂದಿತು. ಫಲಿತಾಂಶದಲ್ಲಿ ಬಂದ ಮುನ್ನಡೆ ಸುಮಾರು ಎರಡೂವರೆ ಅಂಶ. ಸೀಟು 317, ಬಹುಮತ ಹೋಯಿತು.

ಹಾಗಾಗಿ ಇನ್ನು ಮುಂದೆ ಸಮೀಕ್ಷೆ ಹಾಕುವವರು ಯಾರು ಮಾಡಿದ್ದು, ಯಾವ ದಿನಗಳಲ್ಲಿ, ಎಷ್ಟು ಜನರನ್ನು ಕೇಳಿದ್ದು ಅಂತ ಬರೆಯಿರಿ. ಬರೀ ಸ್ಕ್ರೀನ್‌ಶಾಟ್ ಬಂದರೆ ಅಡ್ಮಿನ್‌ಗಳು ತೆಗೆಯುತ್ತಾರೆ, ಬೇಸರ ಮಾಡಿಕೊಳ್ಳಬೇಡಿ.