ನಮ್ಮ ಮಾಂಟೆಸ್ಸೊರಿ ಶಾಲೆಯ ಎರಡನೇ ವರ್ಷದ ಮಕ್ಕಳ ಅಪ್ಪ ಅಮ್ಮಂದಿರಿಗೆ

ಪ್ರೀತಿಯ ಪೋಷಕರೇ,

ಸಂಕ್ರಾಂತಿ ಕಳೆದ ಮೇಲೆ ನನ್ನ ರೂಮಿಗೆ ಬರುವ ಅಪ್ಪ ಅಮ್ಮಂದಿರು ಜಾಸ್ತಿ. ಬಂದವರು ಕುರ್ಚಿಯ ಅಂಚಿನಲ್ಲಿ ಕೂತು, ಸಂಕೋಚದಿಂದಲೇ ಕೇಳುತ್ತಾರೆ: "ಮೇಡಂ, ಮುಂದಿನ ವರ್ಷಕ್ಕೆ ಟಿ.ಸಿ. ಕೊಡ್ತೀರಾ? ದೊಡ್ಡ ಸ್ಕೂಲಲ್ಲಿ ಯುಕೆಜಿಗೇ ಸೇರಿಸಿಬಿಟ್ರೆ ಒಳ್ಳೇದಂತೆ. ಆಮೇಲೆ ಒಂದನೇ ಕ್ಲಾಸಿಗೆ ಸೀಟು ಸಿಗಲ್ವಂತೆ." ಈ ವಾರ ಐದು ಮನೆಯವರು ಹೀಗೆ ಬಂದಿದ್ದರು. ಎಲ್ಲರ ಹತ್ತಿರವೂ ಅರ್ಧಂಬರ್ಧ ಮಾತಾಡಿ ಕಳಿಸಿದ್ದು ನನಗೇ ಸರಿ ಅನಿಸಲಿಲ್ಲ. ಅದಕ್ಕೆ ಈ ಪತ್ರ. ನಾನು ಕೇಳುವುದು ಇಷ್ಟೇ: ಆದಷ್ಟೂ ಮೂರನೇ ವರ್ಷ ಮುಗಿಯುವ ತನಕ ಮಗುವನ್ನು ಇಲ್ಲೇ ಬಿಡಿ.

ಮಾಂಟೆಸ್ಸೊರಿಯ ಮೂರು ವರ್ಷಗಳನ್ನು ನಾವು ಎಂ-1, ಎಂ-2, ಎಂ-3 ಅಂತ ಕರೆಯುವುದರಿಂದ ಅವು ಮೂರು ಬೇರೆ ಬೇರೆ ಕ್ಲಾಸು ಅನಿಸುತ್ತದೆ. ವಯಸ್ಸಿನ ಲೆಕ್ಕದಲ್ಲಿ ಎಂ-3 ಅಂದರೆ ಯುಕೆಜಿಯೇ. ಆದರೆ ಇಲ್ಲಿ ಮೂರೂ ವರ್ಷದ ಮಕ್ಕಳು ಒಂದೇ ರೂಮಿನಲ್ಲಿ ಇರುತ್ತಾರೆ. ಅದೇ ಕಪಾಟು, ಅದೇ ಚಾಪೆ, ಅದೇ ಟೀಚರ್ ಆಂಟಿ. ಮೂರು ವರ್ಷಕ್ಕೆ ಬಂದ ಮಗುವಿಗೆ ಆರು ತುಂಬುವ ತನಕ ಒಂದೇ ಪಾಠ ನಡೆಯುತ್ತಿರುತ್ತದೆ. ಮಧ್ಯದಲ್ಲಿ ಬಿಡಿಸಿದರೆ, ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಪೈರು ಕೊಯ್ದ ಹಾಗೆ.

ಲೆಕ್ಕದಿಂದಲೇ ಶುರು ಮಾಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ಕೇಳುವುದೂ ಅದನ್ನೇ.

ನಾವೆಲ್ಲ ಸ್ಕೂಲಲ್ಲಿ ಕೂಡುವ ಲೆಕ್ಕ ಮಾಡಿದ್ದು ಹೇಗೆ, ನೆನಪಿದೆಯಾ? "ಏಳೂ ಎಂಟೂ ಹದಿನೈದು. ಐದು ಬರಿ, ಕೈಯಲ್ಲಿ ಒಂದು." ಆ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಹದಿನೈದರಲ್ಲಿ ಆ ಒಂದು ಎಲ್ಲಿಂದ ಬಂತು, ಅದು ಯಾಕೆ ಪಕ್ಕದ ಸಾಲಿಗೆ ಹೋಗಬೇಕು ಅಂತ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಬರೆಯುತ್ತಿದ್ದೆ, ಮಾರ್ಕ್ಸ್ ಬರುತ್ತಿತ್ತು, ಅಷ್ಟೇ.

ಮೊನ್ನೆ ಮಂಗಳವಾರ ನಮ್ಮ ಎಂ-3 ಮಕ್ಕಳಿಬ್ಬರು ಚಾಪೆ ಹಾಸಿಕೊಂಡು ಬಂಗಾರದ ಬಣ್ಣದ ಮಣಿಗಳ ಜೊತೆ ಕೂತಿದ್ದರು. ಬಿಡಿ ಮಣಿ ಒಂದು. ಹತ್ತು ಮಣಿ ಪೋಣಿಸಿದ ಕಡ್ಡಿ ಹತ್ತು. ಅಂಥ ಹತ್ತು ಕಡ್ಡಿ ಸೇರಿದ ಚೌಕ ನೂರು. ಹತ್ತು ಚೌಕ ಒಂದರ ಮೇಲೊಂದು ಕೂತ ಘನ ಸಾವಿರ. ಒಬ್ಬಳ ತಟ್ಟೆಯಲ್ಲಿ 2,347, ಇನ್ನೊಬ್ಬನ ತಟ್ಟೆಯಲ್ಲಿ 1,528. ಎರಡನ್ನೂ ಚಾಪೆಯ ಮೇಲೆ ಸುರಿದು ಸೇರಿಸಿದರು. ಬಿಡಿ ಮಣಿ ಎಣಿಸುತ್ತಾ ಹತ್ತಕ್ಕೆ ಬಂದ ಕೂಡಲೇ ಹುಡುಗಿ ನಿಲ್ಲಿಸಿದಳು. ಆ ಹತ್ತನ್ನು ಪುಟ್ಟ ಬಟ್ಟಲಿಗೆ ಹಾಕಿಕೊಂಡು ಎದ್ದು 'ಬ್ಯಾಂಕಿಗೆ' ಹೋದಳು. ಬ್ಯಾಂಕ್ ಅಂದರೆ ಕಿಟಕಿ ಪಕ್ಕದಲ್ಲಿ ಮಣಿಗಳನ್ನು ಇಡುವ ಮೇಜು. ಹತ್ತು ಬಿಡಿ ಕೊಟ್ಟು, ಒಂದು ಕಡ್ಡಿ ತೆಗೆದುಕೊಂಡು, ಅದನ್ನು ಮುಷ್ಟಿಯಲ್ಲಿ ಹಿಡಿದು ವಾಪಸ್ ನಡೆದು ಬಂದಳು. ಆ ಕಡ್ಡಿಯನ್ನು ಬೇರೆ ಕಡ್ಡಿಗಳ ಜೊತೆ ಇಟ್ಟಳು.

ನಿಜವಾಗಿಯೂ ಕೈಯಲ್ಲಿ ಒಂದು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎಷ್ಟು ವರ್ಷ ನೋಡಿದರೂ ಇದು ನನಗೆ ಹಳತಾಗಿಲ್ಲ.

ಆಮೇಲೆ ಅವರು ಕಾರ್ಡುಗಳನ್ನು ತಂದರು. 3000, 800, 70, 5. ಒಂದರ ಮೇಲೊಂದು ಇಟ್ಟು ಬಲಕ್ಕೆ ಸರಿಸಿದರೆ ಸೊನ್ನೆಗಳೆಲ್ಲ ಮುಚ್ಚಿಹೋಗಿ 3875 ಕಾಣುತ್ತದೆ. ಹುಡುಗ ಓದಿದ: "ಮೂರು ಸಾವಿರದ ಎಂಟುನೂರ ಎಪ್ಪತ್ತೈದು." ಬಾಯಲ್ಲಿ ಹೇಳುವುದೂ ಕಾರ್ಡಿನಲ್ಲಿ ಇರುವುದೂ ಚಾಪೆಯ ಮೇಲೆ ಇರುವುದೂ ಒಂದೇ ಅಂತ ಅವನಿಗೆ ಗೊತ್ತು. ಪೆನ್ಸಿಲ್ ಇನ್ನೂ ಮುಟ್ಟಿರಲಿಲ್ಲ.

ಈ ಮಣಿಗಳ ಪರಿಚಯ ಆಗುವುದು ಎರಡನೇ ವರ್ಷದಲ್ಲಿ. ಅದರಿಂದ ಕೂಡುವುದು, ಕಳೆಯುವುದು, ಗುಣಿಸುವುದು, ಹಂಚಿಕೊಂಡು ಭಾಗಿಸುವುದು ಎಲ್ಲ ಚೆನ್ನಾಗಿ ನಡೆಯುವುದು ಮೂರನೇ ವರ್ಷದಲ್ಲಿ. ನಿಮ್ಮ ಮಕ್ಕಳು ಈಗ ಆ ಹೊಸ್ತಿಲ ಮೇಲೆ ನಿಂತಿದ್ದಾರೆ. ಕೆಲವರು ಇನ್ನೂ "ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತು ಹತ್ತು" ಅನ್ನುತ್ತಾರೆ. ಗಾಬರಿ ಬೇಡ. ಸಾವಿರ ಮಣಿಯ ಸರ ಅಂತ ಒಂದಿದೆ. ರೂಮಿನಲ್ಲಿ ಹಿಡಿಸದೆ ವರಾಂಡದಲ್ಲಿ ಉದ್ದಕ್ಕೆ ಹಾಸಬೇಕು. ಅದರ ಪಕ್ಕ ಮಂಡಿಯೂರಿ ಒಂದೊಂದೇ ಮಣಿ ಎಣಿಸುತ್ತಾ, ಹತ್ತು ಹತ್ತಕ್ಕೆ ಚೀಟಿ ಇಡುತ್ತಾ ಹೋದ ಮಗುವಿಗೆ ಇಪ್ಪತ್ತೊಂಬತ್ತು ಆದ ಮೇಲೆ ಮೂವತ್ತು ಅಂತ ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ಒಂದು ದಿನದಲ್ಲಿ ಮುಗಿಯದಿದ್ದರೆ ತಮ್ಮ ಹೆಸರಿನ ಚೀಟಿ ಇಟ್ಟು ಹೋಗುತ್ತಾರೆ. ಮಾರನೇ ದಿನ ಅಲ್ಲಿಂದಲೇ ಮುಂದುವರಿಸುತ್ತಾರೆ.

ಬರವಣಿಗೆಯ ವಿಷಯದಲ್ಲಿ ನಿಮ್ಮ ಆತಂಕ ಇನ್ನೂ ಜಾಸ್ತಿ. "ಪಕ್ಕದ ಮನೆ ಮಗು ನೋಟ್‌ಬುಕ್ ತುಂಬಾ ಬರೆಯುತ್ತೆ. ನಮ್ಮವಳ ಬ್ಯಾಗಲ್ಲಿ ಟಿಫಿನ್ ಡಬ್ಬಿ ಬಿಟ್ಟು ಏನೂ ಇರಲ್ಲ." ಈ ಆತಂಕ ಹೊಸದಲ್ಲ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ ಡಾಕ್ಟರ್ ಮಾರಿಯಾ ಮಾಂಟೆಸ್ಸೊರಿ ಮೊದಲ 'ಮಕ್ಕಳ ಮನೆ' ತೆರೆದರು. ಅಷ್ಟು ಚಿಕ್ಕವರಿಗೆ ಓದು ಬರಹ ಕಲಿಸುವ ಯೋಚನೆಯೇ ಆಗ ಅವರಿಗೆ ಇರಲಿಲ್ಲ. ನಮ್ಮ ಮಕ್ಕಳಿಗೆ ಅಕ್ಷರ ಹೇಳಿಕೊಡಿ ಅಂತ ಅಲ್ಲಿನ ತಾಯಂದಿರೇ ಕೇಳಿಕೊಂಡರು. ಆಮೇಲೆ ಮಕ್ಕಳು ಬೆರಳಾಡಿಸಿ ಕಲಿಯಲಿ ಅಂತ ಮಾಂಟೆಸ್ಸೊರಿ ಅವರು ಸ್ಯಾಂಡ್ ಪೇಪರ್ ಅಕ್ಷರ ಮಾಡಿದರು. ಡಿಸೆಂಬರಿನ ಒಂದು ಬಿಸಿಲಿನ ದಿನ ಮಕ್ಕಳ ಜೊತೆ ತಾರಸಿಯ ಮೇಲೆ ಇದ್ದಾಗ, ಸುಮಾರು ಐದು ವರ್ಷದ ಹುಡುಗನಿಗೆ ಚಾಕ್‌ಪೀಸ್ ಕೊಟ್ಟು ಅಲ್ಲಿದ್ದ ಚಿಮಣಿಯ ಚಿತ್ರ ಬಿಡಿಸು ಅಂದರು. ಅವನು ಬಿಡಿಸಿದ. ಇದ್ದಕ್ಕಿದ್ದಂತೆ ನನಗೆ ಬರೆಯೋಕೆ ಬರುತ್ತೆ ಅಂತ ಕೂಗಿದ. ನೆಲದ ಮೇಲೆ ಒಂದು ಪದ ಬರೆದ. ಇಟಾಲಿಯನ್ ಭಾಷೆಯ 'ಮಾನೊ'. ಹಾಗಂದರೆ 'ಕೈ'.

ನಮಗೆ ಇದು ಅಪರಿಚಿತ ಅನಿಸಬೇಕಾಗಿಲ್ಲ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಮಗುವಿನ ಬೆರಳು ಹಿಡಿದು ಬರೆಸುತ್ತೇವಲ್ಲ, ನಮ್ಮ ಹಿರಿಯರೂ ಬಳಪ ಕೊಡುವ ಮೊದಲು ಬೆರಳಿಗೇ ಅಕ್ಷರ ಕೊಟ್ಟರು. ಇಲ್ಲಿ ಅದನ್ನು ಒಂದು ದಿನಕ್ಕೆ ಮುಗಿಸದೆ ಎರಡು ವರ್ಷ ಮಾಡುತ್ತೇವೆ. ಗುಬುಟು ಹಿಡಿದು ಮರದ ಸಿಲಿಂಡರ್‌ಗಳನ್ನು ಎತ್ತಿಡುವಾಗ ಮೂರು ಬೆರಳು ಪಳಗುತ್ತವೆ. ಜಗ್ಗಿನಿಂದ ನೀರು ಬಗ್ಗಿಸುವಾಗ ಮಣಿಕಟ್ಟು ಹತೋಟಿಗೆ ಬರುತ್ತದೆ. 'ಮ', 'ರ', 'ಸ' ಬಿಡಿ ಅಕ್ಷರ ಜೋಡಿಸಿ ಮರ, ಸರ ಮಾಡಿ ಆದ ಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಮೂರನೇ ವರ್ಷದಲ್ಲಿ ಇದೆಲ್ಲ ಒಟ್ಟಿಗೆ ಬಂದು, ಒಂದು ಬೆಳಿಗ್ಗೆ ಮಗು ಬರೆಯಲು ಕೂರುತ್ತದೆ. ಆಮೇಲೆ ನಿಲ್ಲಿಸುವುದೇ ಕಷ್ಟ.

ಇನ್ನೊಂದು ವಿಷಯ ಯಾವ ರಿಪೋರ್ಟ್ ಕಾರ್ಡಿನಲ್ಲೂ ಕಾಣುವುದಿಲ್ಲ. ಹೋದ ಜೂನ್ ತಿಂಗಳಲ್ಲಿ ಹೊಸದಾಗಿ ಸೇರಿದ ಪುಟ್ಟಿಯೊಬ್ಬಳು ಮೂರು ದಿನ ಅತ್ತೇ ಅತ್ತಳು. ಆಂಟಿ ಎತ್ತಿಕೊಂಡರೂ ಇಲ್ಲ, ನಾನು ಕರೆದರೂ ಇಲ್ಲ. ನಾಲ್ಕನೇ ದಿನ ಎಂ-3 ಹುಡುಗನೊಬ್ಬ ಅವಳ ಪಕ್ಕ ಕೂತು, ಏನೂ ಮಾತಾಡದೆ, ಅವಳ ಚಪ್ಪಲಿಯ ಬಕಲ್ ಬಿಚ್ಚಿ ಎರಡನ್ನೂ ಜೋಡಿಸಿ ಗೂಡಿನಲ್ಲಿಟ್ಟ. ಆಮೇಲೆ ಕೈ ಚಾಚಿದ. ಅವಳು ಹಿಡಿದುಕೊಂಡಳು. ಎರಡು ವರ್ಷದ ಹಿಂದೆ ಅದೇ ಗೂಡಿನ ಮುಂದೆ ಅತ್ತವನು ಅವನು. ಸಂಕ್ರಾಂತಿಗೆ ಕೊಬ್ಬರಿ ಹೆಚ್ಚಿದ್ದು, ಎಳ್ಳು ಬೆಲ್ಲ ಬೆರೆಸಿದ್ದು, ಚಿಕ್ಕವರಿಗೆ ಮೊದಲು ಹಂಚಿದ್ದು ಎಲ್ಲ ದೊಡ್ಡ ಮಕ್ಕಳೇ. ಎರಡು ವರ್ಷ ಚಿಕ್ಕವರಾಗಿದ್ದ ನಿಮ್ಮ ಮಕ್ಕಳಿಗೆ ದೊಡ್ಡವರಾಗುವ ಸರದಿ ಬರುವುದು ಈ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಬೇರೆ ಕಡೆ ಸೇರಿಸಿದರೆ ಮತ್ತೆ ಎಲ್ಲರಿಗಿಂತ ಚಿಕ್ಕವರು, ಹೊಸಬರು.

ಸೀಟಿನ ಚಿಂತೆ ನನಗೆ ಅರ್ಥವಾಗುತ್ತದೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ನಮ್ಮ ರಾಜ್ಯದಲ್ಲಿ ನಿಯಮ ಬಂದಿದೆ. 2025-26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಂದನೇ ತರಗತಿಗೆ ಮುಂಚಿನ ಮೂರು ವರ್ಷವನ್ನು, ಒಂದು ಎರಡನೇ ತರಗತಿ ಸೇರಿಸಿ, 3ರಿಂದ 8 ವರ್ಷದ ಒಂದೇ ಹಂತ ಅಂತ ನೋಡುತ್ತದೆ. ಅಂದರೆ ಯುಕೆಜಿ ವಯಸ್ಸಿನ ಆ ವರ್ಷವನ್ನು ಮಗು ಎಲ್ಲಾದರೂ ಕಳೆಯಲೇಬೇಕು. ಗೊತ್ತಿರುವ ರೂಮಿನಲ್ಲೇ ಕಳೆಯಲಿ ಅನ್ನುವುದು ನನ್ನ ಆಸೆ. ಯಾವ ಶಾಲೆಯಲ್ಲಿ ಯಾವಾಗ ಅರ್ಜಿ ಕೊಡುತ್ತಾರೆ ಅಂತ ನಾವೂ ವಿಚಾರಿಸಿ ಹೇಳುತ್ತೇವೆ. ಊರು ಬದಲಾಯಿಸುವವರು, ಅಣ್ಣ ಅಕ್ಕ ಓದುವ ಸ್ಕೂಲಿಗೇ ಕಳಿಸಬೇಕಾದವರು ಇದ್ದೀರಿ. ನಿಮ್ಮ ನಿರ್ಧಾರದ ಬಗ್ಗೆ ನನಗೆ ಬೇಸರ ಇಲ್ಲ. ಟಿ.ಸಿ. ಕೇಳಿದ ದಿನವೇ ಸಿಗುತ್ತದೆ.

ಇಲ್ಲೇ ಉಳಿಯುವವರಿಗೆ ಒಂದು ಮಾತು. ಮನೆಯಲ್ಲಿ ಸುಮ್ನೆ ವರ್ಕ್‌ಶೀಟ್ ತಂದು ಬರೆಸಬೇಡಿ. ಈಗ ಅವರೆಕಾಯಿ ಕಾಲ. ಕಾಯಿ ಸುಲಿಯಲು ಮಗುವನ್ನು ಪಕ್ಕ ಕೂರಿಸಿಕೊಳ್ಳಿ. ನೆನೆಸಿದ ಕಾಳನ್ನು ಮೂರು ಬೆರಳಲ್ಲಿ ಹಿತುಕುವುದಕ್ಕಿಂತ ಒಳ್ಳೆ ಕೈ ಅಭ್ಯಾಸ ನನಗೆ ಗೊತ್ತಿಲ್ಲ. ಅರ್ಧ ಕಾಳು ನೆಲಕ್ಕೆ ಹಾರುತ್ತದೆ. ಹೆಕ್ಕಿಡುವುದೂ ಅವರದೇ ಕೆಲಸ ಆಗಲಿ.

ಮುಂದಿನ ಎರಡು ವಾರ, ಬೆಳಿಗ್ಗೆ 10ರಿಂದ ಅರ್ಧ ಗಂಟೆ, ದಿನಕ್ಕೆ ಇಬ್ಬರು ಪೋಷಕರು ಬಂದು ರೂಮಿನ ಮೂಲೆಯಲ್ಲಿ ಕೂತು ನೋಡಬಹುದು. ಆಫೀಸಿನಲ್ಲಿ ಹೆಸರು ಬರೆಸಿ. ಫೋನ್ ಹೊರಗೆ ಇಡಬೇಕು. ಮಕ್ಕಳನ್ನು ಮಾತಾಡಿಸಬೇಡಿ, ಅವರು ಬಂದು ಮಾತಾಡಿಸಿದರೆ ಮೆಲ್ಲಗೆ ಉತ್ತರ ಕೊಡಿ. ನಿಮ್ಮ ಮಗುವನ್ನು ಐದು ನಿಮಿಷ ನೋಡಿ. ಉಳಿದ ಹೊತ್ತು ಎಂ-3 ಮಕ್ಕಳನ್ನೇ ನೋಡಿ. ಆಮೇಲೆ ನನ್ನ ರೂಮಿಗೆ ಬನ್ನಿ, ಮಾತಾಡೋಣ.

ನಿಮ್ಮ,
ಮುಖ್ಯ ಶಿಕ್ಷಕಿ