ಯಾರಿಗೂ ಹೇಳಿಲ್ಲ ಅಂತ ಬರೆದಿದ್ದೀಯಲ್ಲ

ತೀರ್ಥಹಳ್ಳಿ, ಮಂಗಳವಾರ

ಚಿ. ಸಹನಾಳಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂತು. ಹೊಸ ಕೆಲಸದ ವಿಷಯ ಓದಿ ಖುಷಿಯಾಯ್ತು. ಆದರೆ ಕೊನೆಯಲ್ಲಿ, ಏನೋ ನೆನಪಾದ ಹಾಗೆ ಒಂದು ಸಾಲು ಬರೆದಿದ್ದೀಯ. ಕಳೆದ ಸಲ ವಿಮಾನ ಇಳಿದ ಮೇಲೆ ಎಡಗಾಲಿನ ಮೀನಖಂಡ ನಾಲ್ಕು ದಿನ ನೋಯ್ತಿತ್ತು, ಊದಿತ್ತು, ತಾನಾಗೇ ಹೋಯ್ತು, ಯಾರಿಗೂ ಹೇಳಿಲ್ಲ ಅಂತ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ, ಎಡಗಾಲು ಒಂದೇನಾ, ಎರಡೂ ಕಾಲಾ ಅಂತ.

ಎರಡೂ ಪಾದ ಊದಿದ್ದರೆ ಇಷ್ಟು ಹೆದರ್ತಿರಲಿಲ್ಲ. ಹದಿನಾರು ಹದಿನೇಳು ಗಂಟೆ ಕೂತರೆ ಯಾರಿಗಾದರೂ ಊದುತ್ತೆ, ಮಲಗಿ ಎದ್ದರೆ ಇಳಿಯುತ್ತೆ. ಒಂದೇ ಕಾಲು ಅಂದರೆ ಬೇರೆ.

ನಿನ್ನ ಅಪ್ಪಯ್ಯನದ್ದು ನಿಮಗೆಲ್ಲ ಗೊತ್ತಿರುವುದೇ, ಬರೆಯಲ್ಲ. ಗೊತ್ತಿಲ್ಲದ್ದು ಒಂದಿದೆ. ಪುಣೆಯ ಮದುವೆ ಮುಗಿಸಿ ಬಸ್ಸಿನಲ್ಲಿ ಬರುವಾಗ ಅಣ್ಣನಿಗೆ ಕಿಟಕಿ ಪಕ್ಕ, ಕಾಲಬುಡದಲ್ಲಿ ನನ್ನದೇ ಪಾತ್ರೆ ಚೀಲ. ಕಾಲು ಚಾಚುವುದಕ್ಕೆ ಜಾಗವಿರಲಿಲ್ಲ. ಹರಿಹರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ "ಒಂಚೂರು ಇಳಿದು ಓಡಾಡಿ ಬರ್ತೀನಿ ಕಣೇ" ಅಂದ. ನಾನು "ಸುಮ್ನೆ ಕೂತ್ಕೋ ಅಣ್ಣ, ಇನ್ನೇನು ಊರು ಬಂತು" ಅಂದೆ. ನನಗೆ ನಿದ್ದೆ ಬರ್ತಿತ್ತು, ಅವನಿಗೆ ದಾರಿ ಬಿಡಲು ಏಳಬೇಕಿತ್ತು, ಅಷ್ಟೇ. ಮಾರನೇ ದಿನ ಕಾಲು ದಪ್ಪಗಾಯ್ತು, ಮುಟ್ಟಿದರೆ ಬಿಸಿ. ಉಳುಕಿರಬೇಕು ಅಂತ ಎಣ್ಣೆ ಕಾಸಿ ತಿಕ್ಕಿದವಳೂ ನಾನೇ. ಮೂರನೇ ದಿನ ಎದೆನೋವು ಅಂದ, ಆಗುಂಬೆ ಘಾಟಿ ಇಳಿಸಿ ಕರಕೊಂಡು ಹೋದರು. ಆ ಹದಿನಾಲ್ಕು ತಿರುವು ನಾನು ಈಗಲೂ ಎಣಿಸ್ತೀನಿ. ಹರಿಹರದ್ದು ನಿನ್ನ ಅಮ್ಮನಿಗೂ ಹೇಳಿಲ್ಲ.

ಈಗ ನೀನೂ ಯಾರಿಗೂ ಹೇಳಿಲ್ಲ ಅಂತೀಯ.

ನಿನ್ನೆ ಪೇಟೆಗೆ ಹೋಗಿ ಡಾಕ್ಟರನ್ನು ಕೇಳಿದೆ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡವೇ ಅಂತೆ, ಅದು ಅಲ್ಲಾಡದಿದ್ದರೆ ರಕ್ತ ನಿಂತು ಹೆಪ್ಪುಗಟ್ಟಬಹುದು. ನಾಲ್ಕು ಗಂಟೆ ದಾಟಿದರೆ ಬಸ್ಸೂ ಅಷ್ಟೇ, ವಿಮಾನವೂ ಅಷ್ಟೇ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುವಾಗ ಜನ ಅಡಗುತಾಣಗಳಲ್ಲಿ ಬಟ್ಟೆ ಕುರ್ಚಿ ಹಾಕಿಕೊಂಡು ರಾತ್ರಿಯಿಡೀ ಕೂತೇ ನಿದ್ದೆ ಮಾಡ್ತಿದ್ದರಂತೆ. ಬಾಂಬಿಗೆ ಸಿಗದವರು ಕೆಲವರು ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸತ್ತರು. ಕುರ್ಚಿಯ ಮುಂದಿನ ಅಡ್ಡಪಟ್ಟಿ ಕಾಲನ್ನು ಒತ್ತುತ್ತಿತ್ತು ಅಂತ ಆಮೇಲೆ ಹೇಳಿದರಂತೆ. ಮನೆಗೆ ಬಂದು ಜಗಲಿಯ ಆರಾಮ ಕುರ್ಚಿಯಲ್ಲಿ ಕೂತು ನೋಡಿದೆ. ಸರಿಯಾಗಿ ಮಂಡಿಯ ಹಿಂದೆಯೇ ಮರದ ಪಟ್ಟಿ. ಕುಳ್ಳಿ ನಾನು, ಪಾದ ನೆಲಕ್ಕೆ ಮುಟ್ಟಲಿಲ್ಲ, ಎರಡು ನಿಮಿಷಕ್ಕೆ ಜೋಮು ಹಿಡೀತು. ನೀನೂ ನನ್ನಷ್ಟೇ ಎತ್ತರ. ವಿಮಾನದ ಸೀಟಿನ ಅಂಚೂ ಹಾಗೇ ಒತ್ತಿದರೆ ಪಾದದ ಕೆಳಗೆ ಏನಾದರೂ ಇಟ್ಟುಕೋ. ಪಾತ್ರೆ ಚೀಲ ಮಾತ್ರ ಬೇಡ.

ನಿನಗೆ ಗೊತ್ತಿಲ್ಲದ್ದು ನಾನೇನು ಹೇಳ್ತೀನಿ! ಆದರೂ ಬರೀತೀನಿ. ಓಡಾಡುವ ದಾರಿ ಪಕ್ಕದ ಸೀಟೇ ಹಿಡಿ, ಏಳುವಾಗ ಯಾರ ನಿದ್ದೆಗೂ ಕಾಯಬೇಕಿಲ್ಲ. ಗಂಟೆಗೋ ಎರಡು ಗಂಟೆಗೋ ಎದ್ದು ನಡಿ. ಕೂತಲ್ಲೇ ಹಿಮ್ಮಡಿ ಎತ್ತು, ಇಳಿಸು, ಪಾದ ತಿರುಗಿಸು, ಹೊಲಿಗೆ ಮಿಷನ್ ತುಳಿದ ಹಾಗೆ. ನಿದ್ದೆ ಮಾತ್ರೆ ನುಂಗಿ ಮರದ ಕೊರಡಿನ ಹಾಗೆ ಬೀಳಬೇಡ. ಸೊಂಟನೋವಿಗೆ ಟವೆಲ್ ಸುತ್ತಿ ಬೆನ್ನಿನ ಕೆಳಗೆ ಇಟ್ಟುಕೊಂಡರೆ ಸಾಕು, ಅದೇನು ದೊಡ್ಡದಲ್ಲ. ಒಳಗಿನ ಗಾಳಿ ಮುಳ್ಳಯ್ಯನಗಿರಿ ತುದಿಯಲ್ಲಿ ಕೂತಷ್ಟು ತೆಳುವಂತೆ, ಒಣಗಾಳಿ ಬೇರೆ, ಹಾಗಾಗಿ ಹೊಟ್ಟೆ ಉಬ್ಬರಿಸುತ್ತೆ, ಗಂಟಲು ಒಣಗುತ್ತೆ. ನೀರು ಕುಡಿ.

ಇದೆಲ್ಲ ಆಮೇಲೆ. ಮೊದಲು ಅಲ್ಲಿಯ ಡಾಕ್ಟರಿಗೆ ಕಾಲು ತೋರಿಸು. ಅಪ್ಪಯ್ಯನಿಗೆ ಹೀಗಾಗಿತ್ತು ಅಂತ ಹೇಳಲೇಬೇಕಂತೆ. ಏನೇನು ಮಾತ್ರೆ ತಗೊಳ್ತೀಯೋ ಅದನ್ನೂ ಹೇಳು, ಮುಟ್ಟಿಗೋ, ಬಸಿರಾಗದಿರುವುದಕ್ಕೋ, ನನಗೆ ಹೇಳಬೇಕಿಲ್ಲ. ಬಿಗಿ ಕಾಲುಚೀಲ ಬೇಕೋ ಬೇಡವೋ ಅವರೇ ಹೇಳಲಿ. ಮತ್ತೆ ಹಾಗೇ ಒಂದು ಕಾಲು ಊದಿದರೆ ತಿಕ್ಕಬೇಡ, ಅದೇ ದಿನ ಹೋಗು. ಎದೆನೋವೋ ಏದುಸಿರೋ ಬಂದರೆ ಒಂದು ನಿಮಿಷವೂ ಕಾಯಬೇಡ. ನಾನು ಎಣ್ಣೆ ತಿಕ್ಕಿದ್ದರಿಂದಲೇ ಹಾಗಾಯ್ತಾ ಅಂತ ಡಾಕ್ಟರನ್ನು ಕೇಳಿದೆ. ಹಾಗೆ ಹೇಳೋಕಾಗಲ್ಲ ಅಂದರು. ಆಗಿರಲಿಕ್ಕಿಲ್ಲ ಅಂತಲೂ ಅನ್ನಲಿಲ್ಲ.

ದೀಪಾವಳಿಗೆ ಬರುವುದು ಬೇಡ ಅಂತಿಲ್ಲ. ತೋರಿಸಿಕೊಂಡು ಆಮೇಲೆ ಟಿಕೆಟ್ ಮಾಡು, ಫೋನು ಮಾಡು. ಇಲ್ಲಿ ನಡುರಾತ್ರಿಯಾದರೂ ಸರಿ. ಅಮ್ಮನಿಗೆ ನೀನು ಕಾಲಿನದ್ದು ಹೇಳು, ಹರಿಹರದ್ದು ನಾನು ಹೇಳ್ತೀನಿ.

ನಿನ್ನ ಅತ್ತೆ